ಚೂಟಿಯ ರಾಯಭಾರ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಮನೆಯಲ್ಲಿ ಮಾತ್ರ ಉಂಡು, ಮಲಗಿ, ಎದ್ದು, ಮತ್ತೆ ಉಂಡರೂ ಮುಗಿದಿರಲಿಲ್ಲ. ಮುಂದಿನ ಕೋಣೆಯಲ್ಲಿ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಿದ್ದಳು, ಹಿಂದಿನ ಕೋಣೆಯಲ್ಲಿ ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚುತ್ತಿದ್ದ. ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಮಗಳು ಚೂಟಿಗೆ ದೊಡ್ಡ ರಾಯಭಾರಿಯಾಗುವ ಆಸೆ. ಅದಕ್ಕೆ ಕಾನೂನು ಓದಬೇಕೆಂದು ಅಪ್ಪ, ಅರ್ಥಶಾಸ್ತ್ರವೆಂದು ಅಮ್ಮ. ವಿಶ್ವವಿದ್ಯಾಲಯಕ್ಕೆ ಓದುವ ವಿಷಯ ತಿಳಿಸಲು ಇವತ್ತೇ ಕೊನೆಯ ದಿನ.

ಚೂಟಿಗೆ ಬೇಕಾಗಿದ್ದದ್ದು ಇತಿಹಾಸ, ಜೊತೆಗೊಂದು ಪರದೇಶದ ಭಾಷೆ. ಆದರೆ ಉರಿಯುವ ಒಲೆಗೆ ತಾನೂ ಸೌದೆ ಇಡುವುದೇಕೆಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದಳು. ಮೊದಲು ಇವರ ರಾಜಿಯಾಗಲಿ!

"ನಿಮ್ಮಪ್ಪನಿಗೆ ಹೇಳು, ವಾದ ಮಾಡೋಕೆ ಕಾಲೇಜ್ ಯಾಕೆ, ಅವರ ರಕ್ತಾನೇ ಸಾಕು ಅಂತ!" ಎಂದಳು ಅಮ್ಮ.

ಚೂಟಿ ಹಿಂದಿನ ಕೋಣೆಗೆ ಹೋಗಿ, "ಕಾನೂನೂ ಒಳ್ಳೇದೇ ಅಂತಾಳೆ ಅಮ್ಮ," ಎಂದಳು. ಮುಂದಿನ ಕೋಣೆಗೆ ಬಂದು, "ಅರ್ಥಶಾಸ್ತ್ರಾನೂ ಆದೀತು ಅಂತಾರೆ ಅಪ್ಪ," ಎಂದಳು. ಎರಡೂ ಹಸಿ ಸುಳ್ಳು.

ಅಪ್ಪನ ಮನಸ್ಸು ಕರಗಿತು. "ಪಾಪ, ಅವಳೇ ಸೋತಳಲ್ಲ! ಅರ್ಥಶಾಸ್ತ್ರಾನೇ ಓದು."

ಅಮ್ಮನದೂ ಕರಗಿತು. "ಅವರೇ ಇಳಿದು ಬಂದ ಮೇಲೆ ನನಗೇನು ಹಟ? ಕಾನೂನೇ ಆಗ್ಲಿ."

ಆಮೇಲೆ ಒಬ್ಬರಿಗೊಬ್ಬರು ಬಿಟ್ಟುಕೊಡಲೆಂದೇ ಹಟ ಶುರುವಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಚೂಟಿಗೆ ಓಡಾಡಿ ಓಡಾಡಿ ಕಾಲು ಸೋತಿತು, ಅಳುವೇ ಬಂತು.

ನಡುಮನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಜ್ಜಿ ದಾರ ಕಚ್ಚಿ ತುಂಡರಿಸಿದಳು.

"ಎಲೇ ಚೂಟಿ, ಅವಳ ಮಾತು ಹೊತ್ತೆ, ಇವನ ಮಾತು ಹೊತ್ತೆ. ನಿನ್ನ ಕಡೆ ಮಾತು ಒಂದಾದ್ರೂ ಆಡಿದ್ಯೇನೇ? ನಾಳೆ ಪರದೇಶಕ್ಕೆ ಹೋಗಿ ನಮ್ಮ ದೇಶದ ಮಾತು ಹೇಳೋದೇ ಮರೆತ್ರೆ ಯಾರೇ ಸಂಬಳ ಕೊಡ್ತಾರೆ ನಿನಗೆ?"

ಚೂಟಿಗೆ ಚುರುಕ್ಕೆಂದಿತು. ನಡುಮನೆಯಲ್ಲೇ ನಿಂತು, ಎರಡೂ ಕೋಣೆಗೆ ಕೇಳುವಂತೆ, "ನಾನು ಇತಿಹಾಸ ಓದ್ತೀನಿ! ಜೊತೆಗೆ ಒಂದು ಭಾಷೆ ಕಲೀತೀನಿ! ಇಷ್ಟು ಹೊತ್ತೂ ಹೇಳಿದ್ದೆಲ್ಲ ಸುಳ್ಳು!" ಎಂದು ಕೂಗಿದಳು.

ಹೊಲಿಗೆ ಯಂತ್ರ ನಿಂತಿತು.

"ಕೇಳಿಸ್ತೇನ್ರೀ?" ಎಂದಳು ಅಮ್ಮ, ಮುಂದಿನ ಕೋಣೆಯಿಂದ.

"ಕೇಳಿಸ್ತು ಕಣೇ. ಇವಳ ಬಾಯಿಗೆ ಕಾನೂನು ಯಾಕೆ ಬೇಕು, ಬಿಡು!"

ಅಮ್ಮ ಕಿಸಕ್ಕನೆ ನಕ್ಕಳು. ಎಷ್ಟೋ ದಿನದ ಮೇಲೆ ಅವರ ಮಾತು ಚೂಟಿಯನ್ನು ದಾಟಿ ನೇರವಾಗಿ ಹೋಗಿತ್ತು. ಮನೆಯ ರಾಯಭಾರಿಗೆ ಇನ್ನು ಇಲ್ಲಿ ಕೆಲಸವಿಲ್ಲ. ಅವಳು ಖುಷಿಯಾಗಿ ವಿಶ್ವವಿದ್ಯಾಲಯಕ್ಕೆ ಬರೆಯಲು ಕೂತಳು.