ಕಿವಿಯ ಹಿಂದಿನ ಎಲುಬು

ಗಾಳದ ಒಂಬತ್ತು ರೀಲುಗಳನ್ನೂ ನಾನು ಬಿಚ್ಚಿ ಮುಗಿಸಿದ್ದು ಮಂಗಳವಾರ ಮಧ್ಯಾಹ್ನ. ದೊಡ್ಡ ಹಲ್ಲುಚಕ್ರಗಳು ಒಂದು ಬಟ್ಟಲಿಗೆ, ಸಣ್ಣವು ಇನ್ನೊಂದಕ್ಕೆ. ತಿರುಪುಗಳು, ಸ್ಪ್ರಿಂಗುಗಳು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ವಾಷರುಗಳು, ಎಲ್ಲಕ್ಕೂ ಬೇರೆ ಬೇರೆ ಬಟ್ಟಲು, ಪ್ರತಿ ಬಟ್ಟಲಿಗೂ ಒಂದು ಚೀಟಿ. ಇಪ್ಪತ್ತೆಂಟು ವರ್ಷ ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು ನಾನು. ವಿಂಗಡಿಸಿಟ್ಟ ವಸ್ತುಗಳನ್ನು ನೋಡಿದರೆ ನನ್ನ ಎದೆಬಡಿತ ಹತೋಟಿಗೆ ಬರುತ್ತದೆ. ಎರಡು ಸಲ ಎಣಿಸಿದೆ. ವಾಷರುಗಳು ಮಾತ್ರ ಹದಿನೇಳೇ ಇದ್ದವು. ರೀಲಿಗೆ ಎರಡರಂತೆ ಹದಿನೆಂಟು ಇರಬೇಕಿತ್ತು. ಟಾರ್ಚು ಹಿಡಿದು ಮೇಜಿನ ಕೆಳಗೆಲ್ಲ ಹುಡುಕಿದೆ. ಸಿಗಲಿಲ್ಲ.

ಆ ರೀಲುಗಳು, ತೀರಿಕೊಂಡ ಸದಸ್ಯರೊಬ್ಬರು ನಮ್ಮ ಗಾಳದ ಸಂಘಕ್ಕೆ ಬಿಟ್ಟುಹೋದವು. ಐವತ್ತು ವರ್ಷಗಳ ಹಿಂದೆ ನಮ್ಮ ಊರಿನ ಕಾರ್ಖಾನೆಯಲ್ಲೇ ತಯಾರಾದವು. ಒಂದೊಂದೂ ಮೂರು ಕೋಳಿಮೊಟ್ಟೆಯ ತೂಕ. ಬೆಟ್ಟದ ತೊರೆಗಳಲ್ಲಿ ಕೂದಲೆಳೆಯಂಥ ದಾರ ಬಿಟ್ಟು ಟ್ರೌಟ್ ಮೀನು ಹಿಡಿಯಲೆಂದೇ ಮಾಡಿದವು. ಪೆಟ್ಟಿಗೆ ತೆರೆದಾಗ ಒಂದೂ ತಿರುಗುತ್ತಿರಲಿಲ್ಲ. ಒಳಗಿನ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಸಂಘದ ಅಧ್ಯಕ್ಷ ಗಾಸ್ತೋ ಪೆರ್ನೊಲೆ ಸಭೆಯಲ್ಲಿ ಎದ್ದು, ಜಿನೀವಾದ ಸಂಗ್ರಹಕಾರರೊಬ್ಬರು ಕೇಳುತ್ತಿದ್ದಾರೆ, ಕೊಟ್ಟುಬಿಡೋಣ ಎಂದರು. ನನ್ನ ಕೈ ಮೇಲೆದ್ದದ್ದು ನನಗೇ ತಿಳಿಯಲಿಲ್ಲ.

"ನಾನು ಸರಿಮಾಡ್ತೀನಿ," ಎಂದೆ.

"ನೀವಾ ಎಲಿಯಾನ್ ಮೇಡಂ? ಇದು ಪುಸ್ತಕಕ್ಕೆ ರಟ್ಟು ಹಾಕಿದ ಹಾಗಲ್ಲ!" ನಲವತ್ತು ಜನ ನಕ್ಕರು. "ಆಗ್ಲಿ. ಮಾರ್ಚಿನ ಎರಡನೇ ಶನಿವಾರ, ಟ್ರೌಟ್ ಹಿಡಿಯೋಕೆ ಶುರುವಾಗೋ ದಿನ ಬೆಳಿಗ್ಗೆ, ಒಂಬತ್ತೂ ತಿರುಗ್ಬೇಕು. ಎಂಟು ತಿರುಗಿದ್ರೆ ಸಾಲ್ದು. ಒಂದು ತೊಡರಿದ್ರೂ ಪೆಟ್ಟಿಗೆ ಜಿನೀವಾಕ್ಕೆ."

ನಾನು ಕೈ ಎತ್ತಿದ್ದು ಲೂಸೆಟ್ ಚಿಕ್ಕಮ್ಮನಿಗಾಗಿ. ಆಕೆ ಇಪ್ಪತ್ತೆರಡು ವರ್ಷ ಆ ಕಾರ್ಖಾನೆಯ ಜೋಡಣೆಯ ಸಾಲಿನಲ್ಲಿ ಕೂತವಳು. ಊರಿನ ಸಭಾಂಗಣದ ಗೋಡೆಯ ಮೇಲೆ ಲೋಹ ಕಡೆಯುವ ಲೇತಿನ ಮುಂದೆ ನಿಂತ ಗಂಡಸರ ಫೋಟೊಗಳಿವೆ, ಕೆಳಗೆ ಹೆಸರುಗಳಿವೆ. ಜೋಡಿಸಿದ ಹೆಂಗಸರದು ಒಂದು ಫೋಟೊವೂ ಇಲ್ಲ. ಈಗ ಆಕೆಗೆ ಎಪ್ಪತ್ತಾರು. ಎರಡೂ ಕಿವಿಗೆ ಯಂತ್ರ.

ಬುಧವಾರ ಕಾಫಿಗೆ ಬಂದ ಚಿಕ್ಕಮ್ಮ ಕೋಟು ಬಿಚ್ಚದೆ ಬಟ್ಟಲುಗಳನ್ನೇ ನೋಡುತ್ತ ನಿಂತಳು.

"ಏನೇ ಇದು?"

"ಎಲ್ಲಾ ತೊಳೆದು ಬೇರೆ ಬೇರೆ ಮಾಡಿದೀನಿ ಚಿಕ್ಕಮ್ಮ."

"ಯಾವುದು ಯಾವ ರೀಲಿಂದು?"

"ಎಲ್ಲಾ ಒಂದೇ ತರ ಅಲ್ವಾ?"

ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತಳು. "ಒಂದೇ ತರ ಅಂತೆ! ಇದು ಲೇತಿನ ಗಂಡಸ್ರು ಹೇಳ್ಕೊಂಡು ತಿರುಗೋ ಮಾತು ಕಣೇ. ಅವ್ರು ಕಳಿಸಿದ ಚಕ್ರ ಒಂದು ಕೊಬ್ಬಿದ್ರೆ ಇನ್ನೊಂದು ಸೊರಗಿರ್ತಿತ್ತು. ಯಾವುದಕ್ಕೆ ಯಾವುದು ಕೂಡುತ್ತೆ ಅಂತ ಹುಡುಕ್ತಿದ್ದೋರು ನಾವು. ಸಿಕ್ಕಿದ್ಮೇಲೆ ಎರಡಕ್ಕೂ ಒಂದೇ ತರ ಗುರುತು ಹಾಕ್ತಿದ್ವಿ, ಉಗುರುಬಣ್ಣದಲ್ಲಿ. ನಂದು ಕೆಂಪು. ಒಳಗಡೆ ಚುಕ್ಕಿಗಳಿದ್ವಲ್ಲ?"

ಚುಕ್ಕಿಗಳಿದ್ದವು. ಕೆಂಪು, ಗುಲಾಬಿ, ಒಂದೆರಡು ನೇರಳೆ. ಕೊಳೆಯೆಂದುಕೊಂಡು ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಒಂದೊಂದನ್ನೂ ಒರೆಸಿ ತೆಗೆದಿದ್ದೆ.

ಎಲ್ಲ ಒಂದೇ ತರ ಎಂದುಕೊಂಡದ್ದು, ತಿರುಪು ಕಡೆಯುವುದೇ ಕಸುಬಾದ ಈ ಕಣಿವೆಯಲ್ಲಿ ಹುಟ್ಟಿದವರಷ್ಟೇ ಮಾಡಬಹುದಾದ ತಪ್ಪು. ಬೆಳಿಗ್ಗೆ ಕಡೆದ ತಿರುಪು ಸಂಜೆ ಕೊರೆದ ತೂತಿಗೆ ಕೂರುತ್ತದೆ ಎಂಬ ಹೆಮ್ಮೆಯನ್ನು ನಾವೆಲ್ಲ ಶಾಲೆಯಲ್ಲೇ ಕಲಿತವರು.

"ಅಳ್ಬೇಡ್ವೇ," ಎಂದಳು ಚಿಕ್ಕಮ್ಮ. "ಚುಕ್ಕಿ ಹಾಕೋಕ್ಕೂ ಮುಂಚೆ ಏನ್ ಮಾಡ್ತಿದ್ವೋ ಅದನ್ನೇ ಮಾಡೋಣ. ರೀಲಿಂದು ಒಂದು ಖಾಲಿ ಮೈ ತಾ."

ರೀಲಿನ ಖಾಲಿ ಮೈಯೊಳಗೆ ಒಂದು ದೊಡ್ಡ ಚಕ್ರ, ಒಂದು ಸಣ್ಣದು ಇಟ್ಟಳು. ಆಮೇಲೆ ಮಾಡಿದ್ದು ನೋಡಿ ನಾನು ಬೆಚ್ಚಿದೆ: ಎರಡೂ ಕಿವಿಯ ಯಂತ್ರ ತೆಗೆದು ಸಕ್ಕರೆ ಡಬ್ಬಿಯ ಪಕ್ಕ ಇಟ್ಟಳು. ಗಾಳದ ಕೋಲಿಗೆ ಸಿಕ್ಕಿಸುವ ರೀಲಿನ ಕಾಲನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ, ಹಿಡಿ ತಿರುಗಿಸಿದಳು.

"ಚಿಕ್ಕಮ್ಮ, ನಿಂಗೆ ಕೇಳಿಸುತ್ತಾ?" ಕೂಗಿದೆ.

"ಕೂಗ್ಬೇಡ, ತಲೆ ಅದುರುತ್ತೆ! ಆ ಲೇತುಗಳ ಗದ್ದಲದಲ್ಲಿ ಯಾರಿಗೆ ಕಿವಿ ಕೇಳ್ತಿತ್ತು? ಎಲುಬಿಗೆ ಗೊತ್ತಾಗುತ್ತೆ. ಇದು ಗೊರಗೊರ ಅಂತಿದೆ. ತೆಗಿ. ಮುಂದಿನದು."

ನಾನು ಒಂಬತ್ತು ಸಾಲು, ಒಂಬತ್ತು ಮನೆಗಳ ಕೋಷ್ಟಕ ಬರೆದೆ. ಎಂಬತ್ತೊಂದು ಜೋಡಿಗಳು. ಚಿಕ್ಕಮ್ಮ ದಿನಾ ಊಟವಾದ ಮೇಲೆ ಬರುತ್ತಿದ್ದಳು, ಅವಳು ಹೇಳಿದ್ದನ್ನೆಲ್ಲ ಅವಳ ಮಾತಿನಲ್ಲೇ ಬರೆಯುತ್ತಿದ್ದೆ: "ಕಚ್ಚುತ್ತೆ", "ಸೋಮಾರಿ", "ಗೊಣಗುತ್ತೆ", "ಸ್ವಲ್ಪ ಬಿಗಿ, ಆದ್ರೂ ನಡಿಯುತ್ತೆ". ಶುಕ್ರವಾರ ಮೊದಲ ರೀಲು ಕೂಡಿತು. ಚಿಕ್ಕಮ್ಮ ಅದನ್ನು ನನ್ನ ಕಿವಿಯ ಹಿಂದೆ ಒತ್ತಿದಳು. ಬೆಣ್ಣೆಯಲ್ಲಿ ಚಾಕು ಹೋದಂತೆ, ಅಷ್ಟೇ.

ಮುಂದಿನ ಬುಧವಾರಕ್ಕೆ ಎಂಟಾದವು. ಒಂಬತ್ತನೆಯದು ಆಗಲಿಲ್ಲ. ಉಳಿದದ್ದು ಒಂದೇ ಜೋಡಿ, ಅದರ ಹಲ್ಲುಗಳು ಒಂದಕ್ಕೊಂದು ಕೂರದೆ ಲೊಡಲೊಡ ಅನ್ನುತ್ತಿದ್ದವು. ಗುರುವಾರ ಚಿಕ್ಕಮ್ಮ ಅದನ್ನು ಇಪ್ಪತ್ತು ಸಲ ಬಿಚ್ಚಿ ಕಟ್ಟಿದಳು.

"ಸಡಿಲ ಕಣೇ. ಒಂದೇ ವಾಷರ್ ಇದೆ ಇದಕ್ಕೆ. ಇನ್ನೊಂದು ಎಲ್ಲಿ?"

"ಮೊದಲೇ ಹದಿನೇಳೇ ಇದ್ದದ್ದು."

"ಹಾಗಾದ್ರೆ ಗಾಸ್ತೋ ನಗ್ತಾನೆ, ಬಿಡು," ಎಂದು ಕೋಟು ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನಾವೇನೂ ಮಾಡಿರ್ಲಿಲ್ಲ ಅಂತ್ಲೇ ಆಗುತ್ತೆ."

ಶುಕ್ರವಾರ ಬೆಳಿಗ್ಗೆ ನಾನು ಕೋಷ್ಟಕವನ್ನು ಮೊದಲಿಂದ ಓದಿದೆ. ಓದುವುದಷ್ಟೇ ನನಗೆ ಬರುವುದು. ನಾಲ್ಕನೆಯ ರೀಲಿನ ಎದುರು ಬರೆದಿತ್ತು: "ಸ್ವಲ್ಪ ಬಿಗಿ, ಆದ್ರೂ ನಡಿಯುತ್ತೆ." ಒಂಬತ್ತನೆಯದು ಸಡಿಲ. ನಾಲ್ಕನೆಯದು ಬಿಗಿ.

ನಾಲ್ಕನ್ನು ಬಿಚ್ಚಿದೆ. ಅದರ ವಾಷರೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನ ತುದಿಯಿಂದ ಅಂಚನ್ನು ಮೆಲ್ಲಗೆ ಮೀಟಿದೆ. ಅದು ಎರಡಾಯಿತು. ಐವತ್ತು ವರ್ಷದ ಎಣ್ಣೆ ಎರಡು ವಾಷರುಗಳನ್ನು ಅಂಟಿಸಿಬಿಟ್ಟಿತ್ತು. ನಾನು ಒಂದೆಂದು ಎಣಿಸಿದ್ದೆ.

ಚಪ್ಪಲಿಯಲ್ಲೇ ಹಿಮದ ಮೇಲೆ ಓಡಿದೆ. ಚಿಕ್ಕಮ್ಮ ಬಾಗಿಲು ತೆರೆದವಳು ನನ್ನ ಮುಖ ನೋಡಿದಳು, ಅಂಗೈಯಲ್ಲಿದ್ದ ವಾಷರ್ ನೋಡಿದಳು, ಕಿವಿಯ ಯಂತ್ರ ತೆಗೆದಳು.

ಶನಿವಾರ ನಸುಕು. ಜಿಫ್ರ್ ಹೊಳೆಯ ದಂಡೆಯಲ್ಲಿ ಒಲೆ ಉರಿಯುತ್ತಿತ್ತು, ಸಾಸೇಜುಗಳು ಚಟಪಟ ಅನ್ನುತ್ತಿದ್ದವು, ಬಿಳಿ ವೈನಿನ ಲೋಟಗಳು ಆಗಲೇ ಕೈಯಿಂದ ಕೈಗೆ ಹೋಗುತ್ತಿದ್ದವು. ಪೆರ್ನೊಲೆ ಮಡಚುವ ಮೇಜಿನ ಮೇಲೆ ಒಂಬತ್ತನ್ನೂ ಸಾಲಾಗಿ ಇಟ್ಟರು. ಮೂವತ್ತು ವರ್ಷ ಲೇತಿನ ಮುಂದೆ ನಿಂತವರು ಅವರೂ. ಒಂದೊಂದನ್ನೇ ಎತ್ತಿ ತಿರುಗಿಸಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎಂಟು. ಒಂಬತ್ತನೆಯದನ್ನು ಕಿವಿಯ ಹತ್ತಿರ ಹಿಡಿದು ತುಂಬ ಹೊತ್ತು ತಿರುಗಿಸಿದರು.

"ಏನೂ ಕೇಳ್ಸಲ್ಲ," ಎಂದರು.

"ಅಲ್ಲಿ ಅಲ್ಲ ಗಾಸ್ತೋ, ಇಲ್ಲಿ." ಚಿಕ್ಕಮ್ಮ ಅವರ ಟೋಪಿ ಸರಿಸಿ ರೀಲನ್ನು ಕಿವಿಯ ಹಿಂದೆ ಒತ್ತಿದಳು. "ಈಗ ತಿರುಗ್ಸು. ನಿನ್ನ ಚಕ್ರಗಳು ಎಷ್ಟು ಸೊಟ್ಟ ಇದ್ವು, ನಾವು ಹೆಂಗೆ ಮುಚ್ಚಿಟ್ವಿ ಅಂತ ಅದೇ ಹೇಳುತ್ತೆ."

ಸುತ್ತ ಇದ್ದವರೆಲ್ಲ ಹೋ ಎಂದು ನಕ್ಕರು. ಪೆರ್ನೊಲೆ ನಗಲಿಲ್ಲ. ಹಿಡಿ ತಿರುಗಿಸುತ್ತಲೇ ಇದ್ದರು, ಬಾಯಿ ಸ್ವಲ್ಪ ತೆರೆದಿತ್ತು.

"ಇಷ್ಟು ವರ್ಷ ಒಬ್ಬರೂ ಹೇಳ್ಲಿಲ್ವಲ್ಲ ಲೂಸೆಟ್."

"ನೀನು ಕೇಳಿದ್ಯಾ?"

ಹೊತ್ತಾಯಿತೆಂದು ಯಾರೋ ಶಿಳ್ಳೆ ಹಾಕಿದರು. ಪೆರ್ನೊಲೆ ತಮ್ಮ ಗಾಳದ ಕೋಲಿಗೆ ಆ ಒಂಬತ್ತನೆಯ ರೀಲನ್ನೇ ಸಿಕ್ಕಿಸಿ, ದಾರ ಪೋಣಿಸಿ, ಎರಡೂ ಕೈಯಲ್ಲಿ ಚಿಕ್ಕಮ್ಮನ ಮುಂದೆ ಹಿಡಿದರು. ಆಕೆ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿ, ಬಂಡೆಯ ಪಕ್ಕದ ಮಡುವಿಗೆ ಬೀಸಿದಳು. ಮೊದಲ ಬೀಸಿಗೆ ಏನೂ ಇಲ್ಲ. ಎರಡಕ್ಕೂ ಇಲ್ಲ. ಮೂರನೆಯದಕ್ಕೆ ಕೋಲಿನ ತುದಿ ಬಾಗಿತು, ರೀಲು ಹಾಡಿದಂತೆ ದಾರ ಬಿಟ್ಟಿತು. "ಬಿಡು, ಬಿಡು!" "ಸುತ್ತು ಈಗ!" ಎಂದು ನಲವತ್ತು ಜನ ಕೂಗಿದರು. ಕಿವಿಯ ಯಂತ್ರ ಕೋಟಿನ ಜೇಬಿನಲ್ಲಿದ್ದುದರಿಂದ ಚಿಕ್ಕಮ್ಮ ಯಾರ ಮಾತನ್ನೂ ಕೇಳದೆ, ತನ್ನ ಪಾಡಿಗೆ ತಾನು ಸುತ್ತಿ, ಅಂಗೈಗಿಂತ ಉದ್ದದ, ಕೆಂಪು ಚುಕ್ಕಿಗಳ ಟ್ರೌಟನ್ನು ದಂಡೆಗೆ ತಂದಳು.

ಪೆಟ್ಟಿಗೆ ಜಿನೀವಾಕ್ಕೆ ಹೋಗಲಿಲ್ಲ. ಚಿಕ್ಕಮ್ಮ ಯಂತ್ರ ಮತ್ತೆ ಕಿವಿಗೆ ಹಾಕಿಕೊಂಡ ಮೇಲೆ, ಸಾಸೇಜು ತಿನ್ನುತ್ತ ಪೆರ್ನೊಲೆ, ರೀಲುಗಳನ್ನಿಡುವ ಸಂಘದ ಕಪಾಟಿನ ಮೇಲೆ ಯಾರ ಹೆಸರು ಬರೆಸೋಣ ಎಂದು ಕೇಳಿದರು. ಚಿಕ್ಕಮ್ಮ ತನ್ನ ಸಾಲಿನಲ್ಲಿ ಕೂತಿದ್ದ ಹನ್ನೊಂದು ಹೆಂಗಸರ ಹೆಸರನ್ನು ಒಂದೇ ಉಸಿರಿಗೆ ಹೇಳಿದಳು, ನಾನು ಬರೆದುಕೊಂಡೆ, ಎರಡು ಸಲ ಓದಿ ಹೇಳಿದೆ. ಆಮೇಲೆ ಆಕೆ ಜೇಬಿನಿಂದ ಉಗುರುಬಣ್ಣದ ಶೀಷೆ ತೆಗೆದು ಒಂಬತ್ತನೆಯ ರೀಲಿಗೆ ಕೆಂಪು ಚುಕ್ಕಿ ಇಟ್ಟಳು. ಒಳಗಲ್ಲ, ಈ ಸಲ ಹೊರಗೆ.

"ಎಲಿಯಾನ್," ಎಂದಳು ಬೆರಳು ತೋರಿಸಿ, "ಇದನ್ನೂ ಒರೆಸಿದ್ರೆ ನೋಡು ಮತ್ತೆ."