ಮೂರನೆಯ ಚೌಕ

ಚೌಕದೊಳಗೆ ಗುರುತು ಹಾಕುವುದು ಹೇಗೆ ಎಂಬ ಗಹನ ವಿಷಯಕ್ಕೆ ನಮ್ಮ ಶಾಲೆ ಎರಡು ದಿನ ಮೀಸಲಿಟ್ಟಿತು. ಶಿಕ್ಷಕರ ಪಾಠವನ್ನು ಇನ್ನು ಮುಂದೆ ಶಿಕ್ಷಕರೇ ಅಳೆಯಬೇಕಿತ್ತು. ಅಳೆಯುವವರನ್ನು ತಯಾರು ಮಾಡಲು ತರಬೇತುದಾರರೊಬ್ಬರು ಬಂದಿದ್ದರು. ಸರಿ ಗುರುತು ಹಾಕಿ, ಸೊನ್ನೆ ಸುತ್ತಬೇಡಿ ಎಂದು ಮನದಟ್ಟು ಮಾಡಿಸುವಷ್ಟರಲ್ಲಿ ಮೊದಲ ದಿನ ಮುಗಿಯಿತು.

ಎರಡನೆಯ ದಿನ ಉಪಮುಖ್ಯೋಪಾಧ್ಯಾಯಿನಿ ಗಣಿತದ ಮೇಷ್ಟ್ರ ಏಳನೇ ತರಗತಿಗೆ ಹೋಗಿ ಕೂರಬೇಕಿತ್ತು. ಅಭ್ಯಾಸವೆಂದು ಹೆಸರು, ಪಾಠಕ್ಕೆ ದರ್ಜೆ ಕೊಡುವ ಹಾಳೆ ಮಾತ್ರ ಅಸಲಿ. ‘ಉತ್ತಮ’ಕ್ಕಿಂತ ಕೆಳಗೆ ಬಿದ್ದರೆ, ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಮೇಷ್ಟ್ರು ಆ ತರಗತಿಯನ್ನು ಬಿಟ್ಟುಕೊಡಬೇಕು.

ಆಕೆ ಕೊನೆಯ ಬೆಂಚಿನಲ್ಲಿ ಕೂತರು. ಮೂವತ್ತು ವರ್ಷದ ಹಿಂದೆ ಇದೇ ಮೇಷ್ಟ್ರ ಶಿಷ್ಯೆಯಾಗಿ ಕೂತಿದ್ದ ಬೆಂಚು. ಕೈವಾರದ ಮೊನೆಯಿಂದ ಕೊರೆದಿದ್ದ ತೂತು ಹಾಗೇ ಇತ್ತು. ಬೆರಳು ಮಾತ್ರ ಈಗ ತೂರಲಿಲ್ಲ. ಮೇಷ್ಟ್ರು ಬರಿಗೈಯಲ್ಲಿ ಹಲಗೆಯ ಮೇಲೆ ವೃತ್ತ ಎಳೆದರು. ಅದು ಆಗಿನಷ್ಟೇ ದುಂಡಗಿತ್ತು.

ಹುಡುಗಿಯೊಬ್ಬಳು ಕಷ್ಟದ ಲೆಕ್ಕ ಬಿಡಿಸಿದಳು.

“ಪರವಾಗಿಲ್ಲ,” ಎಂದರು ಮೇಷ್ಟ್ರು. ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ಮೇಷ್ಟ್ರ ಹೊಗಳಿಕೆ ಅದಕ್ಕಿಂತ ಮೇಲೆ ಎಂದೂ ಹತ್ತಿದ್ದಿಲ್ಲ. ಉಪಮುಖ್ಯೋಪಾಧ್ಯಾಯಿನಿಗೆ ಆಗ ಅದು ವರ್ಷವಿಡೀ ಒಂದೇ ಒಂದು ಸಲ ಸಿಕ್ಕಿತ್ತು. ಮೇಷ್ಟ್ರು ಅದನ್ನು ಬರೆದುಕೊಟ್ಟಿದ್ದ ನೋಟ್‌ಬುಕ್ಕು ಮದುವೆಯಾದ ಮೇಲೂ ಅವರ ಬಟ್ಟೆಗಳ ಜೊತೆ ಮನೆ ಬದಲಿಸಿತ್ತು.

ಹಾಳೆಯಲ್ಲಿ ನಾಲ್ಕು ಚೌಕಗಳು: ಅತ್ಯುತ್ತಮ, ಉತ್ತಮ, ಪರವಾಗಿಲ್ಲ, ಸುಧಾರಿಸಬೇಕು. ಪೆನ್ನು ತಾನಾಗಿ ಮೂರನೆಯದಕ್ಕೆ ಹೋಯಿತು.

ಹೊರಗೆ ತರಬೇತುದಾರರು ಹಾಳೆ ನೋಡಿ ಕೇಳಿದರು, “ಏನ್ ಮೇಡಂ, ಪಾಠ ಅಷ್ಟು ಸಪ್ಪೆಯಾಗಿತ್ತಾ?”

“ಸಪ್ಪೆನಾ! ಇದಕ್ಕಿಂತ ಮೇಲೆ ಇನ್ನೇನಿದೆ ರೀ?”

“ಮೇಲೆ ಎರಡು ಚೌಕ ಇದೆಯಲ್ಲ.”

ಆಕೆ ಇಣುಕಿ ನೋಡಿ ನಾಲಿಗೆ ಕಚ್ಚಿಕೊಂಡರು. “ಅಯ್ಯೋ, ಕೊಡಿ ಇಲ್ಲಿ, ತಿದ್ದಿಬಿಡ್ತೀನಿ.”

ಹಾಳೆ ಅಷ್ಟರಲ್ಲಿ ಸಹಿಗೆಂದು ಮೇಷ್ಟ್ರ ಕೈ ಸೇರಿತ್ತು. ಅವರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಇನ್ನೊಮ್ಮೆ ಓದಿದರು.

“ತಿದ್ದಬೇಡಮ್ಮ. ಈ ಮಾತನ್ನ ಎಷ್ಟು ಮಕ್ಕಳಿಗೆ ಹಂಚಿದೀನೋ. ನಂಗೆ ಯಾರೂ ವಾಪಸ್ ಕೊಟ್ಟಿರ್ಲಿಲ್ಲ.”

“ಸಾರ್, ಏಳನೇ ಕ್ಲಾಸು ಕೈಬಿಟ್ಟು ಹೋಗುತ್ತೆ ಸಾರ್!”

“ಹೋಗ್ಲಿ ಬಿಡು. ಗುರುತು ನೋಡು, ಚೌಕದೊಳಗೇ ಇದೆ. ಆಗೆಲ್ಲ ನಿನ್ನ ಅಂಕಿಗಳು ಗೆರೆ ಬಿಟ್ಟು ಓಡ್ತಿದ್ವು.”

ಮೇಷ್ಟ್ರು ಸಹಿ ಹಾಕಿದರು. ಸೋಮವಾರದಿಂದ ಏಳನೇ ತರಗತಿಗೆ ಬೇರೆಯವರು ಬಂದರು. ಮೇಷ್ಟ್ರಿಗೆ ಮೂರನೇ ತರಗತಿ ಕೊಟ್ಟರು.