ಬಣ್ಣ ಹೋದ ನೀರು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಅವಳು ಎದುರಿಗೆ ಮೇಡಂ, ಬೆನ್ನ ಹಿಂದೆ ಬೂಷ್ಟಮ್ಮ. ಅವಳಿಗೂ ಇದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಊರೆಲ್ಲ ಬೂಷ್ಟು ಕಂಡರೆ ಮೂಗು ಮುಚ್ಚಿಕೊಂಡು ಒರೆಸಿ ಹಾಕುವಾಗ, ಇವಳು ಅದನ್ನು ಗಾಜಿನ ತಟ್ಟೆಯಲ್ಲಿಟ್ಟು ಹಸುಗೂಸಿನ ಹಾಗೆ ಸಾಕುತ್ತಿದ್ದಳಲ್ಲ, ಅಡ್ಡಹೆಸರು ಬೀಳದೆ ಇದ್ದೀತೇ?

ಕಾರ್ಖಾನೆಯ ಹಿಂದೆ ಒಂದು ಕಾಲುವೆ. ಬಣ್ಣದ ತೊಟ್ಟಿಗಳಿಂದ ಹೊರಬಿದ್ದ ನೀರೆಲ್ಲ ಅದರಲ್ಲಿ ಹರಿದು, ಎರಡು ಮೈಲಿ ಕೆಳಗೆ ಒಂದು ಗಲ್ಲಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಆ ಗಲ್ಲಿಯಲ್ಲಿ ಅವಳ ಅಕ್ಕನ ಮನೆ. ಅಪ್ಪ ಅಮ್ಮ ಬೇಗ ಹೋದ ಮೇಲೆ ಇದೇ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಒದ್ದೆ ಬಟ್ಟೆ ಹಿಂಡಿ ತಂಗಿಯನ್ನು ಓದಿಸಿದವಳು ಆ ಅಕ್ಕ. ಗಲ್ಲಿಯ ಜನ ಬೆಳಗ್ಗೆ ಎದ್ದು ಕಾಲುವೆಯ ಕಡೆ ನೋಡಿ, "ಇವತ್ತು ಕೆಂಪು ಓಡ್ತಿದೆ", "ಇವತ್ತು ಹಸಿರು" ಎಂದುಕೊಳ್ಳುತ್ತಿದ್ದರು. ಆ ನೀರಿಗೆ ನಾಯಿ ಕೂಡ ಮೂತಿ ಇಡುತ್ತಿರಲಿಲ್ಲ.

ಈ ಬಣ್ಣ ತೆಗೆಯಬೇಕು ಎಂಬ ಹಟ ಅವಳಿಗೆ. ಗರಗಸದ ಮಿಲ್ಲಿನ ಹಿತ್ತಲಲ್ಲಿ ಕೊಳೆಯುತ್ತ ಬಿದ್ದಿದ್ದ ದಿಮ್ಮಿಯೊಂದರಿಂದ ಅವಳು ಬಿಳಿಯ ಶಿಲೀಂಧ್ರವೊಂದನ್ನು ಕೆರೆದು ತಂದಿದ್ದಳು. ಗಟ್ಟಿ ಮರವನ್ನೇ ಜೀರ್ಣಿಸಿಕೊಳ್ಳಲು ಅದು ಒಂದು ಕಿಣ್ವವನ್ನು ಸ್ರವಿಸುತ್ತದೆ; ಮರವನ್ನು ಮುರಿಯುವ ಕಿಣ್ವಕ್ಕೆ ಬಣ್ಣವನ್ನು ಮುರಿಯುವುದೇನು ಕಷ್ಟ ಎಂಬುದು ಅವಳ ಎಣಿಕೆ. ನಾಲ್ಕು ವರ್ಷ ಹೆಣಗಿದಳು. ಒಮ್ಮೆ ತೇವ ಹೆಚ್ಚಾಗಿ ಕೊಳೆಯಿತು, ಒಮ್ಮೆ ಸೆಖೆಗೆ ಸತ್ತಿತು, ಒಮ್ಮೆ ಇನ್ಯಾವುದೋ ಕಪ್ಪು ಬೂಷ್ಟು ಬಂದು ಮನೆಗೆ ಬಂದ ನೆಂಟ ಯಜಮಾನನಾದ ಹಾಗೆ ಎಲ್ಲವನ್ನೂ ಆಕ್ರಮಿಸಿತು. ಕೊನೆಗೊಂದು ದಿನ, ಸಂಜೆ ಕೆಂಪಗಿದ್ದ ಲೋಟ ಮರುದಿನ ಬೆಳಗ್ಗೆ ತಿಳಿಯಾಗಿ ಕೂತಿತ್ತು. ಗಾಳಿಯ ಪಂಪು ನೋಡಿಕೊಳ್ಳುತ್ತಿದ್ದ ಕೆಲಸಗಾರ (ಅದಕ್ಕೇ ಅವನು ಎಲ್ಲರಿಗೂ ಪಂಪಣ್ಣ) ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಮೇಡಂ, ನಿಮ್ಮ ಕೂಸು ಬಣ್ಣ ಕುಡಿದುಬಿಟ್ಟಿದೆ!" ಎಂದು ಕೂಗಿದ್ದ. ಇಬ್ಬರೂ ಮಕ್ಕಳ ಹಾಗೆ ನಕ್ಕಿದ್ದರು.

ಆದರೆ ವರದಿ ಬರೆಯುವಾಗ ಅವಳು ಪ್ರಾಮಾಣಿಕಳಾಗಿಯೇ ಇದ್ದಳು. ಮರದ ಚೂರು ತುಂಬಿ ಶಿಲೀಂಧ್ರ ಬೆಳೆಸುವ ತೊಟ್ಟಿಯಲ್ಲಿ ಬಣ್ಣ ಹೋಗುತ್ತದೆ, ಬಣ್ಣ ಕಚ್ಚಿಸಲು ಬಳಸುವ ಕ್ರೋಮಿಯಂ ಎಂಬ ವಿಷ ಹೋಗುವುದಿಲ್ಲ. ಅದನ್ನು ತಳಕ್ಕಿಳಿಸಿ ತೆಗೆಯಲು ಎರಡನೇ ತೊಟ್ಟಿ ಕಟ್ಟಲೇಬೇಕು ಎಂದು ಸ್ಪಷ್ಟವಾಗಿ ಬರೆದಳು.

ಮ್ಯಾನೇಜರ್ ಓದಿ ಕನ್ನಡಕ ತೆಗೆದ. "ಕಣ್ಣಿಗೆ ಕಾಣೋದು ಹೋಯ್ತಲ್ಲ ಮೇಡಂ. ಕಾಣದೇ ಇರೋದರ ಮೇಲೆ ಯಾರು ದೂರು ಕೊಡ್ತಾರೆ?"

"ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್."

"ಆಯ್ತು, ಎರಡನೇ ತೊಟ್ಟಿ ಮುಂದಿನ ವರ್ಷ ನೋಡೋಣ. ಮೊದಲು ಇದರ ಉದ್ಘಾಟನೆ ಆಗಲಿ. ಅವತ್ತೇ ನಿಮ್ಮನ್ನ ಲ್ಯಾಬಿನ ಮುಖ್ಯಸ್ಥೆ ಅಂತಲೂ ಹೇಳಿಬಿಡೋಣ."

ಉದ್ಘಾಟನೆಗೆ ಅಧಿಕಾರಿಗಳು ಬಂದರು, ಪತ್ರಿಕೆಯವರು ಬಂದರು. ಮೂರನೇ ಸಾಲಿನಲ್ಲಿ ಅಕ್ಕ ಕೂತಿದ್ದಳು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು. ಪತ್ರಕರ್ತನೊಬ್ಬ ಎದ್ದು, "ಹಾಗಾದರೆ ಈ ನೀರನ್ನ ಇನ್ನು ಜನ ಬಳಸಬಹುದಾ?" ಎಂದು ಕೇಳಿದ. ಮ್ಯಾನೇಜರ್ ಮೈಕನ್ನು ಅವಳ ಕಡೆ ತಿರುಗಿಸಿದ. ಅವಳಿಗೆ ಎರಡನೇ ತೊಟ್ಟಿಯ ನೆನಪಾಯಿತು. ಜೊತೆಗೆ ಈಗಷ್ಟೇ ಸಿಕ್ಕಿದ ಹುದ್ದೆಯ ನೆನಪೂ ಆಯಿತು. "ನೀರು ಎಷ್ಟು ತಿಳಿಯಾಗಿದೆ ಅಂತ ನೀವೇ ನೋಡ್ತಿದ್ದೀರಲ್ಲ" ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಅಕ್ಕ.

ನಾಳೆ ಹೋಗಿ ಅಕ್ಕನಿಗೆ ಹೇಳಬೇಕು ಅಂದುಕೊಂಡಳು. ನಾಳೆ ಎನ್ನುವುದು ಎಂಟು ತಿಂಗಳಾಯಿತು. ಬೇರೆ ಊರಿನ ಕಾರ್ಖಾನೆಯವರು ನೋಡಲು ಬರುತ್ತಿದ್ದರು, ಭಾಷಣಕ್ಕೆ ಕರೆಯುತ್ತಿದ್ದರು. ಹೇಗೂ ಎರಡನೇ ತೊಟ್ಟಿ ಬಂದೇ ಬರುತ್ತದೆ, ಆಮೇಲೆ ಹೇಳುವ ಅಗತ್ಯವೇ ಇರುವುದಿಲ್ಲ ಎಂದು ಮನಸ್ಸು ಸಮಾಧಾನ ಹೇಳುತ್ತಿತ್ತು.

ಕೊನೆಗೂ ಅವಳು ಗಲ್ಲಿಗೆ ಹೋದಾಗ ಕಾಲುವೆಯ ದಡದ ಉದ್ದಕ್ಕೂ ಸೊಪ್ಪಿನ ಮಡಿಗಳಿದ್ದವು. ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ಅಕ್ಕ ಕೊಡ ತುಂಬಿಕೊಂಡು ಮೇಲೆ ಬರುತ್ತಿದ್ದಳು. ಮುಖ ಊದಿತ್ತು, ಮೊಣಕಾಲ ಕೆಳಗೆ ಮಾಯದ ಹುಣ್ಣುಗಳು.

"ಮೊದಮೊದಲು ಎಲ್ಲರೂ ಹೆದರಿದ್ರು ಕಣೇ," ಅಕ್ಕ ಹೆಮ್ಮೆಯಿಂದ ಹೇಳಿದಳು. "ನಾನೇ ಇಳಿದು ಮುಖ ತೊಳ್ಕೊಂಡು, ಒಂದು ಬೊಗಸೆ ಕುಡಿದೂ ತೋರಿಸ್ದೆ. ನನ್ನ ತಂಗಿ ಶುದ್ಧ ಮಾಡಿರೋ ನೀರು, ಧೈರ್ಯವಾಗಿ ಬನ್ನಿ ಅಂದೆ."

ಅವಳು ಕೊಡಕ್ಕೆ ಕೈ ಹಾಕಿದಳು. "ಅಕ್ಕಾ, ಈ ನೀರು ಮುಟ್ಟಬೇಡ. ಬಣ್ಣ ಮಾತ್ರ ಹೋಗಿದೆ. ವಿಷ ಹಾಗೇ ಇದೆ."

ಅಕ್ಕ ಕೊಡವನ್ನು ಸೊಂಟದಿಂದ ಇಳಿಸಲೇ ಇಲ್ಲ. "ಅವತ್ತು ಮೈಕ್ ಮುಂದೆ ನಿಂತಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಕ್ಕ ಕೊಡ ಬಗ್ಗಿಸಿ ನೀರೆಲ್ಲ ನೆಲಕ್ಕೆ ಸುರಿದು ಒಳಗೆ ಹೋದಳು.

ಡಾಕ್ಟರು ಅಕ್ಕನ ಎರಡೂ ಮೂತ್ರಪಿಂಡ ಸೋತಿವೆ ಎಂದರು. ನೀರಿನಿಂದಲೇ ಎಂದು ಬರೆದುಕೊಡಲು ಮಾತ್ರ ಒಪ್ಪಲಿಲ್ಲ. ಅವಳು ನೀರಿನ ಪರೀಕ್ಷೆಯ ಕಾಗದ ಹಿಡಿದು ಮನೆಮನೆ ತಿರುಗಿದಳು. ಜನ ಕಾಗದ ನೋಡಿದರು, ಕನ್ನಡಿಯಂಥ ಕಾಲುವೆ ನೋಡಿದರು. "ಅಕ್ಕ ತಂಗಿಗೆ ಏನೋ ಮನಸ್ತಾಪ ಇರಬೇಕು" ಎಂದು ಒಳಗೊಳಗೇ ಮಾತಾಡಿಕೊಂಡರು. ಮ್ಯಾನೇಜರನ ಬಳಿ ಹೋದಳು. ನೀರು ಶುದ್ಧವಾಗಿದೆ ಎಂಬ ಪ್ರಮಾಣಪತ್ರ ಸಿಕ್ಕಿದ್ದರಿಂದ ಧಣಿಗಳು ಬಣ್ಣದ ತೊಟ್ಟಿಗಳನ್ನು ಎರಡರಷ್ಟು ಮಾಡಿದ್ದಾರೆ, ಇನ್ನೊಂದಕ್ಕೆ ಜಾಗವೇ ಉಳಿದಿಲ್ಲ ಎಂದು ಅವನು ಬೆಣ್ಣೆ ಹಚ್ಚಿದ ದನಿಯಲ್ಲಿ ತಿಳಿಸಿದ.

ಮರುದಿನ ಬೆಳಗಿನ ಪಾಳಿ ಶುರುವಾಗುವಾಗ ಅವಳು ಶಿಲೀಂಧ್ರದ ತೊಟ್ಟಿಗೆ ಗಾಳಿ ಹೋಗುವ ಕೊಳವೆಯ ನಲ್ಲಿ ತಿರುವಿ ಮುಚ್ಚಿದಳು.

"ಉಸಿರು ಕಟ್ಟುತ್ತೆ ಮೇಡಂ," ಪಂಪಣ್ಣ ಗಾಬರಿಯಾದ.

"ಕಟ್ಟಲಿ."

ಮೂರನೇ ದಿನಕ್ಕೆ ಮರದ ಚೂರುಗಳ ಮೇಲಿನ ಬಿಳಿ ಹೊದಿಕೆ ಕಂದಿ, ಲೋಳೆಯಾಗಿ, ಇಲಿ ಸತ್ತಂಥ ನಾತ ಹೊಡೆಯಿತು. ಅವಳು ಪಕ್ಕದಲ್ಲೇ ಕೂತು ನೋಡಿದಳು. ಐದನೇ ದಿನ ಕಾಲುವೆಯಲ್ಲಿ ಕೆಂಪು ಓಡಿತು. ಗಲ್ಲಿಯ ಜನ ನೀರು ಬಿಟ್ಟು ಮೇಲೆದ್ದರು. ಎದ್ದವರು ನೇರ ಅವಳ ಬಾಡಿಗೆ ಮನೆಯ ಮುಂದೆ ಬಂದು ನಿಂತರು. "ದೇವರು ಕೊಟ್ಟ ಹಾಗಿದ್ದ ನೀರಿಗೆ ಕಲ್ಲು ಹಾಕಿದೆಯಲ್ಲೇ!" ಎಂದು ಒಬ್ಬಳು ಬೇರುಸಮೇತ ಕಿತ್ತ ಸೊಪ್ಪನ್ನು ಅವಳ ಕಾಲ ಬುಡಕ್ಕೆ ಎಸೆದಳು. ಕಾರ್ಖಾನೆಯವರು ಅದೇ ಮಧ್ಯಾಹ್ನ ಅವಳನ್ನು ಕೆಲಸದಿಂದ ತೆಗೆದರು.

ಇಪ್ಪತ್ತು ದಿನಕ್ಕೆ ಕಾಲುವೆ ಮತ್ತೆ ತಿಳಿಯಾಯಿತು. ಲ್ಯಾಬಿನ ಫ್ರಿಜ್ಜಿನಲ್ಲಿದ್ದ ಹಳೆಯ ಬೀಜದಿಂದ ಪಂಪಣ್ಣ ಶಿಲೀಂಧ್ರವನ್ನು ಮತ್ತೆ ಬೆಳೆಸಿಬಿಟ್ಟಿದ್ದ. ಎಲ್ಲವನ್ನೂ ಕಲಿಸಿಕೊಟ್ಟವಳು ಅವಳೇ ತಾನೇ. ಒಂದು ಸಂಜೆ ಅವನು ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ಮನೇಲಿ ನಾಲ್ಕು ಬಾಯಿ ಇದೆ ಮೇಡಂ."

"ಕಪ್ಪು ಬೂಷ್ಟು ಬರಲಿಲ್ವಾ?"

"ಒಂದು ಚುಕ್ಕೆ ಇಲ್ಲ ಮೇಡಂ! ಹತ್ತಿ ಹಾಸಿದ ಹಾಗೆ ಬಂದಿದೆ!" ಎಂದು ಮುಖ ಅರಳಿಸಿದವನು, ತಾನು ಯಾರ ಮುಂದೆ ಏನು ಹೇಳುತ್ತಿದ್ದೇನೆ ಎಂಬುದು ಹೊಳೆದು ಬಾಯಿ ಮುಚ್ಚಿಕೊಂಡ.

ವಾರಕ್ಕೆ ಎರಡು ಸಲ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ಶುದ್ಧಿ ಮಾಡಿಸುವುದು ಈಗ ಅವಳ ಕೆಲಸ. ಅಲ್ಲಿನ ಬೆಂಚಿನ ಮೇಲೆ ಕೂತು ಅಕ್ಕ ಒಂದು ದಿನ ಮೆಲ್ಲಗೆ ಹೇಳಿದಳು. "ನಿನಗೆ ಮೊದಲೇ ಗೊತ್ತಿತ್ತು ಅನ್ನೋದನ್ನ ನಾನು ಯಾರಿಗೂ ಹೇಳಿಲ್ಲ. ನಿನ್ನ ಭಾವನಿಗೂ ಹೇಳಿಲ್ಲ. ಇಂಥವಳನ್ನ ಓದಿಸಿದ್ಯಾ ಅಂತಾರೆ ಜನ."

ಅಕ್ಕ ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಆ ಭಾನುವಾರ ಗಲ್ಲಿಗೆ ಹೋಗಿ, ಕೊಡ ಹಿಡಿದು ನಿಂತಿದ್ದ ಹೆಂಗಸರ ನಡುವೆ ಜೋರಾಗಿ ಹೇಳಿದಳು: ಈ ನೀರಲ್ಲಿ ವಿಷ ಇದೆ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು, ಹುದ್ದೆಯ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ, ನನ್ನ ಅಕ್ಕ ಅದಕ್ಕೇ ಸಾಯ್ತಿದ್ದಾಳೆ.

ಕಾಗದ ನಂಬದವರು ಇದನ್ನು ನಂಬಿದರು. ಒಬ್ಬೊಬ್ಬರಾಗಿ ಕೊಡ ಖಾಲಿ ಮಾಡಿದರು. ಸೊಪ್ಪು ಎಸೆದಿದ್ದವಳು ಈಗ ಅವಳ ಮುಖಕ್ಕೆ ಉಗಿದಳು.

ಭಾವ ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎಂದೂ ದನಿ ಏರಿಸಿದ ಮನುಷ್ಯನಲ್ಲ, ಆಗಲೂ ಏರಿಸಲಿಲ್ಲ.

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತಾರೆ ಅಂತ ಕೇಳಿದ್ದೆ. ನೀನು ಒಡಹುಟ್ಟಿದವಳನ್ನೇ ತಳ್ಳಿದೆ. ನಾಳೆಯಿಂದ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ನೀನು ಈ ಕಡೆ ಬರಬೇಡ."

ಒಳಗಿನಿಂದ ಅಕ್ಕ ಕರೆದ ಹಾಗಾಯಿತು. ಭಾವ ಬಾಗಿಲು ಮುಂದೆ ಮಾಡಿಕೊಂಡ.